ಕೆಂಗಹಿಯ ಸುತ್ತು

ಸುದ್ದಿ ಬಂದಾಗ ಅಕ್ಕ ತನ್ನ ನಾರುಬೇರಿನ ಮದ್ದಿನ ಅಂಗಡಿಯಲ್ಲಿ ಕೂತು ಕುಟ್ಟಾಣಿಯಲ್ಲಿ ತೊಗಟೆ ಕುಟ್ಟುತ್ತಿದ್ದಳು. ಬಾಗಿಲ ಬೆಳಕು ಮಂಕಾಯಿತು. ತಲೆಯೆತ್ತಿ ನೋಡಿದರೆ ಬಡಗಿ ನಿಂತಿದ್ದ. ಕೊಡಲಿ, ಗುದ್ದಲಿ, ಸುತ್ತಿಗೆಗಳಿಗೆ ಮರದ ಹಿಡಿ ಕೂರಿಸಿ ಕೊಡುವುದು ಅವನ ಕಸುಬು. ಅವಳ ತಮ್ಮನಿಗೆ ಚಿಕ್ಕಂದಿನ ಜೊತೆಗಾರ. ಟೋಪಿ ತೆಗೆದು ಎದೆಗೆ ಒತ್ತಿ ಹಿಡಿದಿದ್ದ. ಬೋಳು ಕಾಣುತ್ತದೆಂದು ಸ್ನಾನಕ್ಕೆ ಹೊರತು ಬೇರೆ ಹೊತ್ತಿನಲ್ಲಿ ಟೋಪಿ ತೆಗೆಯದ ಮನುಷ್ಯ ಅವನು.

"ಅಕ್ಕಾ, ಕುಟ್ಟೋದು ನಿಲ್ಸು," ಎಂದ.

"ಪುಡಿ ಆಗೋ ತನಕ ನಿಲ್ಸೋ ಹಾಗಿಲ್ಲ. ಏನು ವಿಷಯ, ಹೇಳು."

"ಅಳಿಲು ಬಿದ್ದುಬಿಟ್ಟ."

ಅಳಿಲು ಎಂದರೆ ಅವಳ ತಮ್ಮ. ಊರಿಗೆಲ್ಲ ಅವನು ಅಳಿಲೇ. ಹೆತ್ತವರಿಟ್ಟ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ನಡೆಯುವುದನ್ನು ಕಲಿಯುವ ಮೊದಲೇ ಹತ್ತುವುದನ್ನು ಕಲಿತವನು. ಅಕ್ಕನಿಗೆ ನಗು ಬಂತು. ನಿಜಕ್ಕೂ ನಕ್ಕಳು.

"ಅವನು ಬೀಳೋದಾ? ಮರ ಬಿದ್ದಿರ್ಬೇಕು. ಸರಿಯಾಗಿ ನೋಡ್ಕೊಂಡು ಬಾ, ಹೋಗು."

ಬಡಗಿ ಹೋಗಲಿಲ್ಲ. ಅವನ ಬೆನ್ನ ಹಿಂದೆ ಬೀದಿಯಲ್ಲಿ ಒಂದಿಷ್ಟು ಜನ ನೆಲ ನೋಡುತ್ತ ನಿಂತಿದ್ದರು. ಅವರ ನಡುವೆ ಒಂದು ಹಲಗೆ. ಹಲಗೆಯ ಮೇಲೆ ಮುಚ್ಚಿದ್ದ ಕಂಬಳಿಯ ಕೆಳಗಿನಿಂದ ಎರಡು ಪಾದಗಳು ಹೊರಗೆ ಚಾಚಿದ್ದವು. ಹೆಬ್ಬೆರಳ ಬುಡದಲ್ಲಿ ಹಗ್ಗ ಉಜ್ಜಿ ಉಜ್ಜಿ ಜಡ್ಡುಗಟ್ಟಿದ ಗಂಟನ್ನು ಅಕ್ಕ ಬಾಗಿಲಿನಿಂದಲೇ ಗುರುತಿಸಿದಳು. ಕೈಯಲ್ಲಿನ ಕುಟ್ಟಾಣಿಯ ಗುಂಡು ಕೆಳಗಿಳಿಯಲಿಲ್ಲ. ಯಾರೋ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದನ್ನು ತೆಗೆದಿಡಬೇಕಾಯಿತು.

ಆಮೇಲೆ ನಡೆದದ್ದೆಲ್ಲ ಬೇರೆ ಯಾರದೋ ಮನೆಯಲ್ಲಿ ನಡೆದಂತೆ ನಡೆಯಿತು. ನೀರು ಕಾಯಿತು, ಹೆಂಗಸರು ಬಂದರು, ಹಿತ್ತಿಲ ಜಗಲಿಯಲ್ಲಿ ತೊಗಟೆ ಒಣಹಾಕಿದ್ದ ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸಿದರು. ಅತ್ತರೆ ಹಗುರವಾಗುತ್ತದೆ ಎಂದು ಒಬ್ಬರು, ಅಳದಿರುವುದೇ ಒಳ್ಳೆಯದು ಎಂದು ಇನ್ನೊಬ್ಬರು. ಅವಳಿಗೆ ಎರಡೂ ಆಗಲಿಲ್ಲ. ತಾನು ನಕ್ಕ ಸದ್ದೊಂದೇ ಕಿವಿಯಲ್ಲಿ ಕೂತಿತ್ತು. ಅವನ ಕೊರಳಲ್ಲಿದ್ದ ಬಟ್ಟೆಯ ಚೀಲವನ್ನು ಬಡಗಿ ಬಿಚ್ಚಿ ಅವಳ ಕೈಗೆ ಕೊಟ್ಟ. ಅದನ್ನು ಹೆಗಲಿಗೆ ಹಾಕಿಕೊಂಡಳು. ಅಂತ್ಯಕ್ರಿಯೆ ಮುಗಿಸಿ ಬಂದಾಗಲೂ ಅದು ಹೆಗಲಲ್ಲೇ ಇತ್ತು. ಒಳಗೆ ಅವನ ಬಾಗುಚಾಕು, ಒಂದು ಮುದ್ದೆ ಜೇನುಮೇಣ, ಹಸಿ ಪಾಚಿಯಲ್ಲಿ ಸುತ್ತಿದ ಒಂದು ಕಟ್ಟು. ಬೇರು ನಾರು ಏನು ಸಿಕ್ಕರೂ ಅವನು ಹಾಗೆಯೇ ಪಾಚಿಯಲ್ಲಿ ಸುತ್ತಿ ಅಕ್ಕನಿಗೆ ತರುತ್ತಿದ್ದ. ಇದೂ ಅಂಥದ್ದೇ ಎಂದುಕೊಂಡು ಬಿಚ್ಚಲಿಲ್ಲ. ಬಾಡದಿರಲಿ ಎಂದು ಅದರ ಮೇಲೆ ನೀರು ಚಿಮುಕಿಸಿದಳು. ಅದು ಯೋಚಿಸಿ ಮಾಡಿದ್ದಲ್ಲ, ಕೈಗೆ ಅಂಟಿದ ರೂಢಿ.

ಮರುದಿನ, ಬೆಟ್ಟದಲ್ಲಿ ಜೇನು ತೆಗೆದು ಮಾರುವ ಜೇನಿನವಳು ಬಂದಳು.

ಅವಳ ಮಾತನ್ನು ಹೇಳುವ ಮೊದಲು ಮರದ ಮಾತು ಹೇಳಬೇಕು. ಊರ ಮೇಲಿನ ಬೆಟ್ಟದ ನೆತ್ತಿಯಲ್ಲಿ, ಮಧ್ಯಾಹ್ನವಾದರೂ ಮಂಜು ಕರಗದ ಕಾಡಿನಲ್ಲಿ, ಕೆಂಗಹಿ ಎಂಬ ಮರವಿದೆ. ತಿರುಳು ಕೆಂಪು, ತೊಗಟೆ ಕಹಿ, ಹೆಸರು ಅದರಿಂದಲೇ. ಕೆಳಗೆ ಬಿಸಿಲಿನ ನೆಲಕ್ಕೆ ತಂದು ನೆಟ್ಟರೆ ಬದುಕುವುದಿಲ್ಲ. ಮುದುಕರಿಗೆ ಮೂತ್ರ ಕಟ್ಟಿಕೊಂಡಾಗ ಅದರ ತೊಗಟೆಯ ಕಷಾಯ, ಬಿಟ್ಟು ಬಿಟ್ಟು ಬರುವ ಜ್ವರಕ್ಕೂ ಅದೇ. ನೆಗಡಿಗೆ ಎಲೆಯ ಹಬೆ. ತಿರುಳಿನಲ್ಲಿ ಮಾಡಿದ ಹಿಡಿಯನ್ನು ಅಪ್ಪ ಹಿಡಿದು ಮಗನಿಗೆ ಕೊಡಬಹುದು. ಕಬ್ಬಿಣ ಸವೆದೀತು, ಹಿಡಿ ಸವೆಯದು. ಅದು ಹೂ ಬಿಟ್ಟಾಗ ಬೆಟ್ಟದ ಜೇನು ತುಂಬುತ್ತದೆ, ಆ ಜೇನಿಗೆ ನಾಲಗೆಯ ತುದಿಯಲ್ಲಿ ಸಣ್ಣದೊಂದು ಕಹಿ. ಅಕ್ಕನ ಅಂಗಡಿ, ಬಡಗಿಯ ಕೆಲಸದ ಕೊಟ್ಟಿಗೆ, ಜೇನಿನವಳ ಗೂಡು ಎಲ್ಲವೂ ಆ ಮರವನ್ನೇ ನಂಬಿಕೊಂಡು ನಿಂತವು.

ತೊಗಟೆ ತೆಗೆಯುವವರಿಗೆ ಇರುವುದು ಒಂದೇ ನಿಯಮ. ಸುತ್ತು ಹಾಕಬಾರದು. ಮೂಡಣ ಪಡುವಣದ ಪಟ್ಟಿ ತೆಗೆದರೆ ತೆಂಕಣ ಬಡಗಣದ ಪಟ್ಟಿ ಉಳಿಯಬೇಕು. ತೆಗೆದಲ್ಲಿ ಹೊಸ ತೊಗಟೆ ಬಂದು ಕೂಡಿದ ಮೇಲೆ ಉಳಿದವುಗಳ ಸರದಿ. ಎಲೆ ಮಾಡಿದ ಅಡುಗೆ ಬೇರಿಗೆ ಇಳಿಯುವುದು ತೊಗಟೆಯ ಒಳಮೈಯಲ್ಲಿ. ಮರದ ಸುತ್ತ ತೊಗಟೆ ತೆಗೆದರೆ ಆ ದಾರಿ ಪೂರ್ತಿ ಕಡಿದಂತೆ. ಮರ ಕೂಡಲೇ ಸಾಯುವುದಿಲ್ಲ. ಹಸಿರಾಗಿಯೇ ನಿಂತು, ನೋಡಿದವರಿಗೆ ಚೆನ್ನಾಗಿಯೇ ಕಂಡು, ಒಳಗೊಳಗೆ ಹಸಿದು ಸಾಯುತ್ತದೆ. ಕಡಿಯಲೆಂದು ಕೊಡಲಿ ಹಾಕಿದ ಮರಕ್ಕೆ ಮಾತ್ರ ಸುತ್ತು ಹಾಕಬಹುದು. 'ಸಾಯೋ ಮರಕ್ಕೆ ಅಂಗಿ ಯಾಕೆ' ಎಂದು ಅವರಲ್ಲಿ ಮಾತೇ ಇದೆ. ಅದೂ ಕೊಡಲಿ ಬಿದ್ದ ಮೇಲೆ, ಮೊದಲಲ್ಲ.

ಈ ನಿಯಮವನ್ನು ಹೊಸಬರಿಗೆ ಹೇಳಿಕೊಡುತ್ತಿದ್ದವನೇ ಅಳಿಲು. ಒಮ್ಮೆ ಒಬ್ಬ ಸುತ್ತು ಹಾಕಿ ತಂದ ತೊಗಟೆಯನ್ನು ಬೀದಿಗೆ ಸುರಿದು, ಅವನ ಹತ್ತಿರ ಮಾತು ಬಿಟ್ಟವನು ಮತ್ತೆ ಆಡಲೇ ಇಲ್ಲ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಹೆಣ್ಣು ಕೊಡುವವರು ಮರ ಹತ್ತಿ ಬಂದು ಕೇಳಬೇಕಲ್ಲ, ಯಾರೂ ಅಷ್ಟು ಎತ್ತರಕ್ಕೆ ಬರಲಿಲ್ಲ ಎನ್ನುತ್ತಿದ್ದ. ಅಕ್ಕನಿಗೆ ಗಂಡ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಅವನೇ ದಿಕ್ಕಾಗಿದ್ದ.

ಜೇನಿನವಳು ಬಂದು ಅಕ್ಕನ ಪಕ್ಕದಲ್ಲಿ ಕೂತು ಅತ್ತಳು. ಕಪಟದ ಅಳುವಲ್ಲ. ಅತ್ತಾದ ಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ತನ್ನ ಬಾಯಿಂದಲೇ ಕೇಳಲಿ ಎಂದು ಪೀಠಿಕೆ ಹಾಕಿದಳು.

"ಅವನು ಬಿದ್ದ ಮರಕ್ಕೆ ಸುತ್ತು ಬಿದ್ದಿದೆ, ಅಕ್ಕಾ. ದೊಡ್ಡ ಕೆಂಗಹಿಗೆ."

"ಯಾರೋ ಕಳ್ಳರು ಹಾಕಿರ್ತಾರೆ."

"ಕಳ್ಳರಲ್ಲ. ಹೋದ ವರ್ಷ ಅವನು ಎಳೀತಾ ಇದ್ದಾಗ ನಾನೇ ಕಣ್ಣಾರೆ ಕಂಡೆ. ಆಮೇಲೊಂದು ದಿನ ದಾರೀಲಿ ನನ್ನ ಕಾಲು ಹಿಡಿದ. ಅಕ್ಕಂಗೊಂದು ಹೇಳ್ಬೇಡ ಅಂದ. ಹೇಳ್ಲಿಲ್ಲ. ಈಗ ಊರೆಲ್ಲ ಹೇಳ್ತಿದೆ, ಉಳಿದ ತೊಗಟೇನೂ ಎಳೆಯೋಕೆ ಹತ್ತಿದ್ದ, ಮರವೇ ಕೆಡವಿತು ಅಂತ."

ಅಕ್ಕ ಅವಳ ಮೊಣಕೈ ಹಿಡಿದು ಎಬ್ಬಿಸಿ, ಬಾಗಿಲವರೆಗೆ ನಡೆಸಿ, ಹೊಸಿಲ ಆಚೆ ಬಿಟ್ಟು ಬಂದಳು. ಒಳಗೆ ಬಂದು ಕೂತಳು. ಸಾವಿನ ಸುದ್ದಿಗೆ ನಕ್ಕಿದ್ದಳು. ಈ ಸುದ್ದಿಗೆ ನಗು ಬರಲಿಲ್ಲ. ಬಿದ್ದು ಸತ್ತ ತಮ್ಮ ಅವಳ ತಮ್ಮನೇ. ಸುತ್ತು ಹಾಕಿದವನು ಯಾರು?

ಸಂಜೆ ದೀಪ ಹಚ್ಚಿ ಕಣ್ಣು ಮುಚ್ಚಿದಳು. ನೆನಪಿದ್ದಾಗಿನಿಂದ ಒಂದು ಸಂಜೆಯೂ ಪ್ರಾರ್ಥನೆ ತಪ್ಪಿಸಿದವಳಲ್ಲ. ಗಂಡ ಹೋದ ದಿನವೂ ಮಾತು ತಾನಾಗಿ ಬಂದಿತ್ತು. ಈಗ ಬರಲಿಲ್ಲ. ಒಳ್ಳೆಯವನಿಗೆ ಶಾಂತಿ ಬೇಡುವ ಬಗೆ ಒಂದು, ತಪ್ಪಿತಸ್ಥನಿಗೆ ಕ್ಷಮೆ ಬೇಡುವ ಬಗೆ ಇನ್ನೊಂದು. ಯಾವುದನ್ನು ಬೇಡಲಿ? ಗೊತ್ತಿಲ್ಲದೆ ಬೇಡಿದರೆ ದೇವರ ಮುಂದೆ ಸುಳ್ಳಾಡಿದಂತೆ. ದೀಪ ಉರಿಯಿತು. ಅವಳು ಬಾಯಿ ಮುಚ್ಚಿಕೊಂಡೇ ಕೂತಿದ್ದಳು.

ಬೆಳಗಾಗುತ್ತಲೇ ಬಡಗಿಯ ಕೊಟ್ಟಿಗೆಗೆ ಹೋದಳು. ಅವನು ಅರ್ಧ ಕೆತ್ತಿದ ಹಿಡಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ.

"ಸುತ್ತು ಹಾಕಿದ್ದು ಅವನೇನಾ? ಹೌದು ಇಲ್ಲ ಅಂತ ಒಂದೇ ಮಾತಲ್ಲಿ ಹೇಳು."

ಬಡಗಿ ಹಿಡಿಯ ಮೇಲೆ ಬೆರಳಾಡಿಸಿದ. "ಹೌದು."

"ನನ್ನನ್ನ ಆ ಮರದ ಹತ್ರ ಕರ್ಕೊಂಡು ಹೋಗು."

"ಮಂಡಿ ನೋವಲ್ಲಿ ಅಷ್ಟು ಏರೋದು ಹೇಗಕ್ಕಾ?"

"ಮಂಡಿ ನಂದು. ನೀನು ದಾರಿ ತೋರ್ಸು, ಸಾಕು."

ಹತ್ತುವಾಗ ಅವನು ತನಗೆ ಗೊತ್ತಿದ್ದಷ್ಟನ್ನು ತಡವರಿಸಿ ತಡವರಿಸಿ ಹೇಳಿದ. ಹಿಂದಿನ ವರ್ಷ ಬೆಟ್ಟದ ಮೇಲೆ ರಸ್ತೆ ಬರುತ್ತದೆಂದು ಮರಗಳಿಗೆ ಗುರುತು ಹಾಕಿದ್ದರಂತೆ, ದೊಡ್ಡ ಕೆಂಗಹಿಯೂ ಅದರಲ್ಲಿ ಸೇರಿತ್ತು. ತಿರುಳು ತನಗೆ ಬೇಕೆಂದು ಬಡಗಿ ಮೊದಲೇ ಹೇಳಿಟ್ಟಿದ್ದ. ಮರದಲ್ಲಿ ರಸ ಏರುವ ಕಾಲ. ತೊಗಟೆ ಬಾಳೆಹಣ್ಣಿನ ಸಿಪ್ಪೆಯಂತೆ ಬಿಡುವುದು ಆಗಲೇ. ಕಡಿಯುವವರು ನಾಳೆ ನಾಡಿದ್ದು ಎನ್ನುತ್ತ ಮುಂದೂಡುತ್ತಿದ್ದರು. ರಸ ಇಳಿದುಬಿಟ್ಟರೆ ಅಷ್ಟು ದೊಡ್ಡ ಮರದ ತೊಗಟೆ ಕಟ್ಟಿಗೆಗೆ ಕಚ್ಚಿಕೊಂಡು ಹಾಳಾಗುತ್ತದೆ ಎಂದು ಅಳಿಲು ಚಡಪಡಿಸಿದ. ಹೇಗೂ ಸಾಯುವ ಮರ ಎಂದು ಕೊಡಲಿಗಿಂತ ಮೊದಲೇ ಚಾಕು ಹಾಕಿದ. ಮೇಲೊಂದು ಕೆಳಗೊಂದು ಗೀರು ಎಳೆದು, ನಡುವೆ ಮೊಳದಗಲದ ಸುತ್ತನ್ನು ಎಳೆದು ತೆಗೆಯುವಷ್ಟರಲ್ಲಿ ಮಳೆ ಹಿಡಿಯಿತು. ಮಿಕ್ಕದ್ದು ನಾಳೆಗಿರಲಿ ಎಂದು ಇಳಿದು ಬಂದ. ಮರುದಿನ ಸುದ್ದಿ ಬಂತು, ಮೇಲಿನ ಮಣ್ಣು ಜಾರುತ್ತದಂತೆ, ರಸ್ತೆಯನ್ನು ಕೆಳಗೆ ತಿರುಗಿಸಿದರಂತೆ, ಮೇಲಿನ ಮರಗಳೆಲ್ಲ ಉಳಿದವಂತೆ.

"ಊರಲ್ಲಿ ಎಲ್ರೂ ಖುಷಿಪಟ್ರು ಅಕ್ಕಾ. ಇವನೊಬ್ಬ ಗೋಡೆ ಕಡೆ ತಿರುಗಿ ನಿಂತಿದ್ದ. ಅವತ್ತಿಂದ ನನ್ ಹತ್ರ ಆ ಮರದ ಮಾತೇ ಎತ್ತಲಿಲ್ಲ. ನಾನೂ ಕೇಳಲಿಲ್ಲ."

ಅಕ್ಕ ಒಂದು ಕಲ್ಲಿನ ಮೇಲೆ ಕೂತಳು. ಆ ದಿನ ಅವಳಿಗೆ ನೆನಪಿತ್ತು. ಊಟ ಬೇಡವೆಂದಿದ್ದ. ಜ್ವರ ಬಂದಿದೆ ಎಂದು ತಿಳಿದು ಕಷಾಯ ಮಾಡಿ ಕೊಟ್ಟಿದ್ದಳು. ಅದೇ ಕೆಂಗಹಿಯ ಕಷಾಯ. ಅವಳ ಮುಖ ನೋಡುತ್ತ ಕೊನೆಯ ತೊಟ್ಟಿನವರೆಗೂ ಕುಡಿದಿದ್ದ.

"ಹಾಗಾದ್ರೆ ಈ ಸಲ ಯಾಕೆ ಹತ್ತಿದ?" ಎಂದಳು.

"ಅದೇ ಗೊತ್ತಿಲ್ಲ."

"ಜನ ಹೇಳೋ ಹಾಗೆ ಉಳಿದದ್ದನ್ನ ಎಳೆಯೋಕಾ?"

ಬಡಗಿ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ. ಅವನಿಗೂ ಅದೇ ಅನುಮಾನವಿದೆ ಎಂಬುದು ಅದರಿಂದಲೇ ತಿಳಿಯಿತು. ಕಾಲ ಕೆಳಗಿನ ಬೆಟ್ಟ ಒಂದು ಗೇಣು ಕುಸಿದಂತಾಯಿತು. ಆದರೂ ಎದ್ದಳು. ನೋಡದೆ ಹಿಂದಿರುಗಿದರೆ ಸಾಯುವವರೆಗೂ ಬಾಯಿ ಮುಚ್ಚಿಕೊಂಡೇ ದೀಪದ ಮುಂದೆ ಕೂರಬೇಕಾದೀತು.

ಕಾಡಿನೊಳಗೆ ಮಂಜು ಹೊಗೆಯಂತೆ ಕಟ್ಟಿತ್ತು. ಮರಗಳ ಮೈಮೇಲೆಲ್ಲ ಪಾಚಿ, ಪಾಚಿಯ ತುದಿಯಲ್ಲೆಲ್ಲ ನೀರು. ದೊಡ್ಡ ಕೆಂಗಹಿ ಇಳಿಜಾರಿನ ಅಂಚಿನಲ್ಲಿ ನಿಂತಿತ್ತು. ಅಕ್ಕ ಮೇಲೆ ನೋಡಿದಳು. ಮರದ ತಲೆಯ ಒಂದು ಪಕ್ಕ ಪೂರ್ತಿ ಒಣಗಿ ಬರಿಯ ಕಡ್ಡಿಯಾಗಿತ್ತು. ಆ ಒಣಗಿದ ಪಕ್ಕದಲ್ಲಿ ಒಂದು ಕೊಂಬೆ ಬುಡದಲ್ಲೇ ಮುರಿದು, ಕೆಂಪು ತಿರುಳು ಕಾಣುತ್ತಿತ್ತು. ಅವನ ಹಗ್ಗ ಪಕ್ಕದ ಕಡ್ಡಿಗಳಿಗೆ ಸಿಕ್ಕಿಕೊಂಡು ಇನ್ನೂ ಅಲ್ಲೇ ತೂಗುತ್ತಿತ್ತು. ಇನ್ನೊಂದು ಪಕ್ಕ ಹಸಿರಾಗಿತ್ತು, ಎಲೆ ತೆಳುವಾಗಿದ್ದರೂ ಹಸಿರು.

"ಸುತ್ತು ಹಾಕಿದ ಮರ," ಎಂದಳು ಅಕ್ಕ. "ವರ್ಷ ಕಳೆದ ಮೇಲೂ ಅರ್ಧ ಹೇಗೆ ಹಸಿರಾಗಿದೆ?"

ಬಡಗಿಯೂ ತಲೆ ಎತ್ತಿದ. ಅಳಿಲು ಬಿದ್ದ ದಿನ ಅವನು ಗೆಳೆಯನನ್ನು ನೋಡಿದ್ದನೇ ಹೊರತು ಮರವನ್ನು ನೋಡಿರಲಿಲ್ಲ.

ಬೊಡ್ಡೆಯ ಹತ್ತಿರ ಹೋದರು. ಎದೆಯೆತ್ತರದಲ್ಲಿ ಸುತ್ತು ಕಂಡಿತು. ದಾರಿಯ ಕಡೆಗೆ ಅದು ಬರಿಯ ಗಾಯ, ಬಿಸಿಲು ಮಳೆಗೆ ಕಪ್ಪಾಗಿತ್ತು. ಇಳಿಜಾರಿನ ಕಡೆಗೆ ಮಾತ್ರ ದಪ್ಪನೆಯ ಪಾಚಿ. ಅಕ್ಕ ಕೈಯಿಟ್ಟಳು. ಪಾಚಿ ಅಲುಗಿತು, ಅದು ಬೆಳೆದ ಪಾಚಿಯಲ್ಲ, ಹೊದಿಸಿದ ಪಾಚಿ. ಅದರಡಿಯಲ್ಲಿ ಬಟ್ಟೆ. ನೀಲಿ ಗೀರಿನ ಹಾಸುಬಟ್ಟೆಯ ಪಟ್ಟಿಗಳು. ಅವು ಅವಳದೇ. ಹಿಂದಿನ ವರ್ಷ ಹಳೆಯ ಬಟ್ಟೆ ಇದೆಯೇ, ಮೇಣ ಇದೆಯೇ ಎಂದು ಅವನು ಕೇಳಿದಾಗ, ಗೊಂಬೆ ಮಾಡಿ ಆಡುವ ವಯಸ್ಸು ಮತ್ತೆ ಬಂತೇನೋ ಎಂದು ಛೇಡಿಸಿ ಕೊಟ್ಟಿದ್ದಳು. ಈ ವರ್ಷವೂ ಕೇಳಿದ್ದ. ಗೊಂಬೆಗೆ ಮದುವೆ ಗೊತ್ತಾಯಿತೇ ಎಂದಿದ್ದಳು. ಆಗಲಿ, ಲಗ್ನಕ್ಕೆ ನಿನ್ನನ್ನೇ ಮೊದಲು ಕರೆಯುತ್ತೇನೆ ಎಂದು ನಕ್ಕು ಹೋಗಿದ್ದ.

ಬಟ್ಟೆ ಬಿಚ್ಚಿದಳು. ಗಾಯದ ಮೇಲೆ ಸಣ್ಣ ಸಣ್ಣ ಕಡ್ಡಿಗಳು ನಿಂತಿದ್ದವು. ಕೆಳತುದಿ ಕೆಳಗಿನ ತೊಗಟೆಯ ಒಳಗೆ, ಮೇಲ್ತುದಿ ಮೇಲಿನ ತೊಗಟೆಯ ಒಳಗೆ ತೂರಿ, ಎರಡು ಕಡೆಯೂ ಮೇಣ ಮೆತ್ತಿ, ಕಡಿದುಹೋದ ದಾರಿಗೆ ಹಾಕಿದ ಕಾಲುಸಂಕಗಳಂತೆ. ಹೆಚ್ಚಿನವು ಒಣಗಿ ಕರ್ರಗಾಗಿದ್ದವು. ಮೇಣವೂ ಬಿರುಕು ಬಿಟ್ಟಿತ್ತು; ಅವು ಹಿಂದಿನ ವರ್ಷದವು. ಅವುಗಳ ನಡುವೆ ಒಂದು ಮಾತ್ರ ಹೆಬ್ಬೆರಳಿಗಿಂತ ದಪ್ಪವಾಗಿ, ಮರದ ಮೈಯಲ್ಲಿ ಮೈಯಾಗಿ, ಕಂದು ತೊಗಟೆ ಹೊತ್ತು ನಿಂತಿತ್ತು. ಉಗುರಿನಿಂದ ತುಸು ಗೀರಿದಳು. ಒಳಗೆ ಹಸಿರು. ಮೂಗಿಗೆ ಕಹಿ ವಾಸನೆ ಬಂತು.

"ಕಸಿ," ಎಂದ ಬಡಗಿ. ಆಮೇಲೆ ನೆಲಕ್ಕೆ ಕುಸಿದು ಕೂತ. "ಕಸಿ ಕಟ್ಟಿದಾನೆ ಅಕ್ಕಾ. ಒಂದು ಕೂಡಿಕೊಂಡಿದೆ. ಅದೊಂದೇ ಅರ್ಧ ಮರ ಸಾಕ್ತಾ ಇದೆ."

ಅದರ ಪಕ್ಕದಲ್ಲಿ ಹೊಸದಾಗಿ ಚಾಕು ಆಡಿದ ಗುರುತುಗಳಿದ್ದವು. ತೊಗಟೆಯ ಅಂಚನ್ನು ಮೇಲೂ ಕೆಳಗೂ ಸೀಳಿ, ಕಡ್ಡಿ ತೂರಿಸಲು ಬಾಯಿ ಬಿಡಿಸಿ, ಒಣಗದಿರಲೆಂದು ಒದ್ದೆ ಬಟ್ಟೆ ತುರುಕಿದ್ದ. ಕಡ್ಡಿಗಳು ಮಾತ್ರ ಇರಲಿಲ್ಲ.

ಅಕ್ಕನ ಕೈ ಹೆಗಲ ಚೀಲಕ್ಕೆ ಹೋಯಿತು. ಪಾಚಿಯ ಕಟ್ಟನ್ನು ತೆಗೆದಳು. ನೂಲು ಬಿಚ್ಚಿದಳು. ಒಳಗೆ ಅದೇ ವರ್ಷ ಚಿಗುರಿ ಬಲಿತ ನೇರ ಕಡ್ಡಿಗಳು, ಒಂದೇ ಅಳತೆ, ಮೊಗ್ಗುಗಳು ಇನ್ನೂ ಬಾಡಿರಲಿಲ್ಲ. ಇಂಥ ಕಡ್ಡಿ ಸಿಗುವುದು ಮರದ ನೆತ್ತಿಯಲ್ಲಿ, ಹಸಿರು ಉಳಿದ ಪಕ್ಕದಲ್ಲಿ. ಆ ಎಳೆಯ ಕೊಂಬೆಗಳ ಮೇಲೆ ಭಾರ ಬೀಳಬಾರದೆಂದು ಅವನು ಹಗ್ಗವನ್ನು ಒಣಗಿದ ಪಕ್ಕದ ದಪ್ಪ ಕೊಂಬೆಗೆ ಹಾಕಿದ್ದ. ಹಸಿರು ಕೊಂಬೆಗೆ ಹಾಕಿದ್ದರೆ ಅದು ಬಾಗುತ್ತಿತ್ತು, ಮುರಿಯುತ್ತಿರಲಿಲ್ಲ. ಯಾವುದು ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂಬುದು ಊರಲ್ಲಿ ಅವನಷ್ಟು ತಿಳಿದವರು ಬೇರೆ ಯಾರಿದ್ದರು?

ಅವಳ ಗಂಟಲಿನಿಂದ ಏನೋ ಒಂದು ಸದ್ದು ಹೊರಟಿತು. ಸುದ್ದಿ ಬಂದಾಗಿನಿಂದ ಒಳಗೆ ಸಿಕ್ಕಿಕೊಂಡಿದ್ದ ಅಳು. ಮರಕ್ಕೆ ಹಣೆ ಕೊಟ್ಟು ಅತ್ತಳು. ಬಡಗಿ ಟೋಪಿಯಲ್ಲಿ ಮುಖ ಮುಚ್ಚಿಕೊಂಡ.

"ನನ್ ಹತ್ರ ಒಂದು ಮಾತು ಹೇಳಿದ್ರೆ ಕೆಳಗೆ ನಿಂತು ಹಗ್ಗ ಹಿಡೀತಾ ಇದ್ದೆ," ಎಂದ ಅವನು.

"ನಿನಗೆ ಹೇಳಿದ್ರೆ ನನಗೆ ಗೊತ್ತಾಗ್ತಿತ್ತು. ನನ್ನ ಕಣ್ಣಲ್ಲಿ ಸಣ್ಣವನಾಗೋದು ಬೇಡ ಅಂತ ಮರದ ಮೇಲೇ ಉಳಿದ, ಹುಚ್ಚಪ್ಪ," ಎಂದಳು ಅಕ್ಕ. ಸೆರಗಿನಿಂದ ಮುಖ ಒರೆಸಿಕೊಂಡಳು. "ಸಾಕು, ಏಳು. ಕಡ್ಡಿ ಹಸಿಯಾಗಿವೆ. ಬಾಯಿ ಬಿಡಿಸಿಟ್ಟು ಹೋಗಿದಾನೆ. ಹೀಗೇ ಬಿಟ್ರೆ ಇದು ಎರಡನೇ ಗಾಯ ಆಗುತ್ತೆ."

"ನಾನು ಕಸಿ ಕಟ್ಟಿದವನಲ್ಲ ಅಕ್ಕಾ."

"ಹಿಡಿಗೆ ಬೆಣೆ ಹೊಡೀತೀಯಲ್ಲ. ಹಾಗೇ ತುದಿ ಕೆತ್ತು. ಒಳಗೆ ತೂರಿಸೋದು ನಂಗೆ ಬಿಡು."

ಅವನು ಅಳಿಲಿನ ಚಾಕು ತೆಗೆದುಕೊಂಡ. ಕಡ್ಡಿಯ ಎರಡೂ ತುದಿಗಳನ್ನು ಬೆಣೆಯಂತೆ ಓರೆಯಾಗಿ ಕೆತ್ತಿ ಕೆತ್ತಿ ಕೊಟ್ಟ. ಅಕ್ಕ ಹಳೆಯ ಕಡ್ಡಿ ಹೇಗೆ ಕೂತಿದೆ ಎಂದು ನೋಡಿ ನೋಡಿ, ಮೊಗ್ಗು ಮೇಲ್ಮುಖವಾಗಿರುವಂತೆ ಹಿಡಿದು, ತೊಗಟೆಯನ್ನು ಉಗುರಿನಿಂದ ಎತ್ತಿ ಒಂದೊಂದನ್ನೇ ತೂರಿಸಿದಳು. ನಡುವೆ ಸ್ವಲ್ಪ ಬಾಗು ಬಿಟ್ಟಳು, ಗಾಳಿಗೆ ಮರ ತೂಗಿದರೆ ಕಡ್ಡಿ ಕಿತ್ತು ಬರಬಾರದು. ಮೇಣವನ್ನು ಅಂಗೈಯಲ್ಲಿ ಹಿಸುಕಿ ಬೆಚ್ಚಗೆ ಮಾಡಿ ಮೆತ್ತಿದಳು. ಒಂದು ಕಡ್ಡಿ ತೂರಿಸುವಾಗ ಸೀಳಿಹೋಯಿತು. ಕೊನೆಗೆ ನೀಲಿ ಗೀರಿನ ಬಟ್ಟೆ ಸುತ್ತಿ, ಪಾಚಿ ಹೊದಿಸಿದರು.

ಬದುಕುತ್ತದೆಯೇ ಎಂದು ಬಡಗಿ ಕೇಳಿದ. ಗೊತ್ತಿಲ್ಲ ಎಂದಳು. ಅವನು ಕಟ್ಟಿದ ಅಷ್ಟೊಂದು ಕಡ್ಡಿಗಳಲ್ಲಿ ಒಂದು ಬದುಕಿತು, ನಾವು ಕಟ್ಟಿದ್ದರಲ್ಲಿ ಒಂದೂ ಬದುಕದೆ ಇರಬಹುದು. ಇಳಿಯುವಾಗ ಜೇನಿನವಳ ಮನೆಗೆ ಹೋಗೋಣ, ಅವಳಿಗೂ ಇದನ್ನು ತೋರಿಸಬೇಕು, ಮೇಣ ಇನ್ನೂ ಬೇಕಾಗುತ್ತದೆ ಎಂದೂ ಹೇಳಿದಳು. ಸುತ್ತು ಹಾಕಿದ್ದು ಅವನೇ ಎಂಬುದನ್ನು ಯಾರೆದುರೂ ಮುಚ್ಚಿಡಬೇಡ, ಅವನ ಪರವಾಗಿ ಸುಳ್ಳು ಹೇಳಬೇಡ ಎಂದು ಬಡಗಿಗೆ ತಾಕೀತು ಮಾಡಿದಳು.

ಆಮೇಲೆ, ಅವನು ಬಿದ್ದ ಜಾಗದಲ್ಲಿ, ಮೇಣ ಅಂಟಿದ ಕೈಗಳನ್ನೇ ಜೋಡಿಸಿದಳು. ಮಾತು ಬಂತು.

"ತಂದೆಯೇ, ನನ್ನ ತಮ್ಮ ತಪ್ಪು ಮಾಡಿದ. ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ನನ್ನ ಬಾಯಿಂದಲೇ ಹೇಳುತ್ತಿದ್ದೇನೆ. ಮಾಡಿದ ತಪ್ಪನ್ನು ಯಾರ ತಲೆಗೂ ಕಟ್ಟದೆ ತಾನೇ ಹೊತ್ತುಕೊಂಡು ಹತ್ತಿದ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡು. ಹುಟ್ಟಿದಾಗಿನಿಂದ ಹತ್ತಿ ಹತ್ತಿ ದಣಿದ ಜೀವ ಅದು. ಇನ್ನು ಅವನಿಗೆ ಹತ್ತುವ ಕೆಲಸ ಕೊಡಬೇಡ. ನಿನ್ನ ನೆಲದಲ್ಲಿ, ಒಂದು ಹಸಿರು ಮರದ ಬುಡದಲ್ಲಿ, ನೆರಳು ನೋಡಿ ಮಲಗಿಸು. ಅವನು ನೆಮ್ಮದಿಯಾಗಿ ನಿದ್ದೆ ಮಾಡಲಿ."